ಬಿತ್ತನೆಯ ಅಪ್ಪಣೆ

"ನನ್ನ ನಾಡಿನಲ್ಲಿ ಸೂರ್ಯನೂ ನನ್ನ ಅಪ್ಪಣೆ ಕೇಳಿಯೇ ಮುಳುಗುತ್ತಾನೆ" ಎಂದು ಬಿಸಿಲಕೋಟೆಯ ಅರಸ ಭೋಗರಸ ಆಗಾಗ ಹೇಳುತ್ತಿದ್ದ. ಸೂರ್ಯ ಹೇಗೂ ಮುಳುಗುತ್ತಿದ್ದುದರಿಂದ ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಮಳೆ ಮಾತ್ರ ಅಪ್ಪಣೆ ಕೇಳುತ್ತಿರಲಿಲ್ಲ.

ಮೊದಲೇ ಒಣನಾಡು. ಅರಸನ ಅಜ್ಜನ ಕಾಲದಲ್ಲಿ ರೋಹಿಣಿ ಮಳೆಗೆ ಬಿತ್ತನೆಯಾಗುತ್ತಿತ್ತು. ಈಗ ವರ್ಷದಿಂದ ವರ್ಷಕ್ಕೆ ಬಿಸಿಲು ಏರಿ, ಪುನರ್ವಸು ಬಂದರೂ ಹನಿಯಿಲ್ಲ. ಅರಸನ ಕಟ್ಟಪ್ಪಣೆ ಮಾತ್ರ ಅದೇ: "ರೋಹಿಣಿ ಹುಟ್ಟಿದ ದಿನವೇ ಬಿತ್ತಬೇಕು. ತಪ್ಪಿದವರ ಹೊಲ ಅರಮನೆಗೆ." ಬಿತ್ತಿದ ಕಾಳು ಕಾದ ಮಣ್ಣಿನಲ್ಲಿ ಹುರಿದುಹೋಗುತ್ತಿತ್ತು. ಇರುವೆಗಳು ಕೊಬ್ಬಿದವು, ಜನ ಸೊರಗಿದರು.

ಈ ಸಲ ರೈತರನ್ನು ಕರೆದುಕೊಂಡು ಗುಡದವ್ವ ಎಂಬ ಮುದುಕಿ ಆಸ್ಥಾನಕ್ಕೆ ಬಂದಳು.

"ಮಹಾಪ್ರಭು, ಮನೆಯಲ್ಲಿ ಉಳಿದಿರುವುದು ಬೀಜದ ಸಜ್ಜೆ ಮಾತ್ರ. ಅದೂ ಸುಟ್ಟುಹೋದರೆ ತಿನ್ನಲೂ ಇಲ್ಲ, ಬಿತ್ತಲೂ ಇಲ್ಲ. ಮಳೆ ನೋಡಿಕೊಂಡು ಬಿತ್ತುತ್ತೇವೆ."

"ಹಿರಿಯರಿಟ್ಟ ಹೊತ್ತು ಮೀರಬಾರದು" ಎಂದ ಅರಸ. "ಬಿತ್ತುವುದು ನಿಮ್ಮ ಕೆಲಸ. ಮಳೆ ತಾನಾಗಿ ಬರುತ್ತದೆ."

ಆಸ್ಥಾನದ ವಿದೂಷಕ ಜಕ್ಕಣ್ಣ ತಲೆದೂಗಿದ. "ಮಾತೆಂದರೆ ಇದು! ನಾಳೆ ಪ್ರಭುಗಳ ಎಣ್ಣೆಸ್ನಾನಕ್ಕೂ ಹಿರಿಯರಿಟ್ಟ ಹೊತ್ತಿದೆ. ಉಸ್ತುವಾರಿ ನನಗಿರಲಿ."

ಮರುದಿನ ಸರಿಯಾದ ಹೊತ್ತಿಗೆ ಅರಸನ ತಲೆಗೆ ಎಣ್ಣೆ ಬಿತ್ತು, ಅದರ ಮೇಲೆ ಸೀಗೆಪುಡಿಯೂ ಬಿತ್ತು. ಸೀಗೆ ಕಣ್ಣಿಗಿಳಿಯಿತು.

"ನೀರು ಹೊಯ್ಯಿರೋ!"

"ಹಂಡೆ ಖಾಲಿ, ಪ್ರಭು" ಎಂದ ಜಕ್ಕಣ್ಣ. "ನೀರಿನ ಗಾಡಿ ಬಂದಿಲ್ಲ."

"ಯಾವಾಗ ಬರುತ್ತದೆ?"

"ತಾನಾಗಿ ಬರುತ್ತದೆ."

"ಕಣ್ಣು ಉರಿಯುತ್ತಿದೆಯೋ!"

"ಹಿರಿಯರಿಟ್ಟ ಹೊತ್ತಿಗೇ ಉರಿಯುತ್ತಿದೆ, ಪ್ರಭು."

"ಕತ್ತೆ! ನೀರು ಬಂದಿದೆಯೋ ಇಲ್ಲವೋ ನೋಡಿಕೊಂಡಲ್ಲವೇ ಮುಂದಿನ ಕೆಲಸಕ್ಕೆ ಕೈಹಾಕುವುದು?"

ಜಕ್ಕಣ್ಣ ಬಚ್ಚಲಮನೆಯ ಬಾಗಿಲ ಬಳಿ ಹೋಗಿ, ತಾನೇ ಬರಹೇಳಿ ಹೊರಗೆ ನಿಲ್ಲಿಸಿದ್ದ ಮುದುಕಿಗೆ ಕೇಳುವಂತೆ ಕೂಗಿದ: "ಗುಡದವ್ವಾ, ಅಪ್ಪಣೆಯಾಯಿತು! ನೀರು ನೋಡಿಕೊಂಡು ಬಿತ್ತಿ!"

ಅರಸ ಕಣ್ಣು ಮುಚ್ಚಿಕೊಂಡೇ ಗಹಗಹಿಸಿ ನಕ್ಕ.

"ಹಾಗೇ ಆಗಲಿ. ಬೆಳೆ ಕೈಗೆ ಬರುವವರೆಗೆ ಅರಮನೆಯ ಕಣಜವನ್ನೂ ತೆರೆಯಿರಿ. ಎಲ್ಲೋ ನೀರು ಬಚ್ಚಿಟ್ಟಿದ್ದೀಯ, ತಾ!"

ಜಕ್ಕಣ್ಣ ಬಾಗಿಲ ಹಿಂದಿನಿಂದ ತುಂಬಿದ ಕೊಡ ತಂದು ಅರಸನ ತಲೆಯ ಮೇಲೆ ಎತ್ತಿ ಹಿಡಿದ. ಹೊಯ್ಯಲಿಲ್ಲ.

"ಆ ಕಣಜದ ಮಾತು ಇನ್ನೊಮ್ಮೆ ಹೇಳಿ, ಪ್ರಭು. ಗುಡದವ್ವನಿಗೆ ಕಿವಿ ಸ್ವಲ್ಪ ಮಂದ."

ಅರಸ ಕೋಟೆಯಾಚೆಗೂ ಕೇಳಿಸುವಂತೆ ಕೂಗಿದ. ಆಮೇಲೆಯೇ ನೀರು ಬಿತ್ತು.