ಊರ ಹೊರಗೆ ಹೋದ ಹೆದ್ದಾರಿ

“ಗುರುಗಳೇ, ನಮ್ಮೂರ ಕಡೆ ಹೆದ್ದಾರಿ ಬರುತ್ತದಂತೆ. ಊರೊಳಗೇ ಬರಲಿ ಎಂದು ಕೇಳಬೇಕೋ, ಹೊರಗೆ ಹೋಗಲಿ ಎಂದು ಕೇಳಬೇಕೋ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಪಡುವಣ ಕಡಲಿನಿಂದ ಮೂಡಣ ಕಡಲಿಗೆ ಹೋಗುವ ದಾರಿಯಲ್ಲಿ ಒಂದು ಊರಿತ್ತು. ಮೊದಲು ಅದು ಉಪ್ಪಿನ ಗಾಡಿಗಳ ಜಾಡು. ಗಾಡಿಯವರು ಎತ್ತು ಬಿಚ್ಚಿ ತಂಗುತ್ತಿದ್ದ ಕಡೆ ನಾಲ್ಕು ಗುಡಿಸಲು ಎದ್ದವು, ಅದೇ ಊರಾಯಿತು. ಆಮೇಲೆ ಜಲ್ಲಿ ಬಿತ್ತು, ಡಾಂಬರು ಬಂತು, ಗಾಡಿ ಹೋಗಿ ಲಾರಿ ಬಂತು. ಒಂದು ಬಂದರಿನ ಸರಕು ಇನ್ನೊಂದು ಬಂದರಿಗೆ ಆ ಊರ ಬೀದಿಯಲ್ಲೇ ಸಾಗುತ್ತಿತ್ತು. ಊರಿನವರಿಗೆ ಹೊಲಗದ್ದೆ ಇರಲಿಲ್ಲ. ಚಹಾ ಮಾರುವವರು, ಊಟ ಬಡಿಸುವವರು, ಪಂಕ್ಚರ್ ಹಾಕುವವರು, ಎಲ್ಲರೂ ರಸ್ತೆಯನ್ನೇ ನಂಬಿದ್ದರು.

ಅಲ್ಲೊಬ್ಬ ಕಮ್ಮಾರನಿದ್ದ. ಅವನ ಅಜ್ಜ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದ. ಇವನು ಲಾರಿಗಳಲ್ಲಿ ಮುರಿದದ್ದನ್ನು ಬೆಸೆಯುತ್ತಿದ್ದ. ಅವನಿಗೆ ಒಬ್ಬಳೇ ಮಗಳು. ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ತರುತ್ತಿದ್ದವಳು ಬೀದಿ ದಾಟುವಾಗ ಲಾರಿಯ ಕೆಳಗೆ ಸಿಕ್ಕಳು. ಆ ವರ್ಷ ಆ ಬೀದಿಯಲ್ಲಿ ಸತ್ತ ಮಕ್ಕಳಲ್ಲಿ ಅವಳು ಮೂರನೆಯವಳು.

ಅಂದು ಕುಲುಮೆ ಆರಿಸಿದವನು ಕಚೇರಿಯ ದಾರಿ ಹಿಡಿದ. ರಸ್ತೆಯನ್ನು ಊರ ಹೊರಗೆ ಒಯ್ಯಿರಿ ಎಂದು ಒಂಬತ್ತು ವರ್ಷ ಅಲೆದ. ಊರಿನವರೂ ಅವನ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು. ಕೊನೆಗೆ ಹೆದ್ದಾರಿಯನ್ನು ಅಗಲ ಮಾಡುವಾಗ ಸರ್ಕಾರ ಒಪ್ಪಿತು. ಊರಿನಿಂದ ಒಂದು ಹರದಾರಿ ಆಚೆ, ಎತ್ತರದ ಏರಿಯ ಮೇಲೆ, ಎರಡೂ ಕಡೆ ಬೇಲಿ ಹಾಕಿದ ರಸ್ತೆ ಹೋಯಿತು. ಮೂರು ದಿನದ ದಾರಿ ಒಂದೂವರೆ ದಿನಕ್ಕಿಳಿಯಿತು. ದೇಶದ ವ್ಯಾಪಾರ ಬೆಳೆಯಿತು. ಊರಿಗೆ ಮಾತ್ರ ಒಂದು ಲಾರಿಯೂ ಬರಲಿಲ್ಲ.

ಮೊದಲ ವರ್ಷ ಖಾನಾವಳಿ ಮುಚ್ಚಿತು. ಮರುವರ್ಷ ಬಸ್ಸೂ ನಿಂತಿತು. ಒಂದೊಂದೇ ಮನೆಯವರು ಮಕ್ಕಳುಮರಿ ಕಟ್ಟಿಕೊಂಡು ಗುಳೆ ಹೊರಟರು. ಖಾನಾವಳಿಯ ಹೆಂಗಸು ಹೊರಡುವಾಗ ಕಮ್ಮಾರನ ಮುಂದೆ ಬಂದು ನಿಂತಳು.

“ಅಣ್ಣಾ, ನಿನ್ನ ಮಗಳಿಗಾಗಿ ನಾನೂ ಅತ್ತಿದ್ದೆ. ಈಗ ನನ್ನ ಮಕ್ಕಳಿಗೆ ಏನು ಉಣ್ಣಿಸಲಿ, ನೀನೇ ಹೇಳು.”

“ಗೊತ್ತಿಲ್ಲ ತಂಗೀ” ಎಂದ. ಅವಳ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಅವನೂ ಹೋಗಬಹುದಿತ್ತು. ಮಗಳನ್ನು ಮಣ್ಣು ಮಾಡಿದ ಜಾಗ ಬಿಟ್ಟು ಹೋಗಲಾರದೆ ಉಳಿದ. ಈಗ ಆ ಊರಿನಲ್ಲಿ ಅವನೊಬ್ಬನೇ ಇದ್ದಾನೆ.

ಗುರುಗಳು ಕತೆ ಮುಗಿಸಿದರು.

“ಹಾಗಾದರೆ ಅವನು ಕೇಳಿದ್ದೇ ತಪ್ಪಾಯಿತೇ?” ಎಂದ ಶಿಷ್ಯ.

“ಕೇಳಿದ್ದು ಸಿಕ್ಕಿತಲ್ಲ ಮಗೂ, ಆ ಬೀದಿಯಲ್ಲಿ ಈಗ ಯಾವ ಮಗುವೂ ಸಾಯುವುದಿಲ್ಲ, ಅಲ್ಲಿ ಮಕ್ಕಳೇ ಇಲ್ಲ.”