ಇಗರ್ಜಿಯ ಬಾಗಿಲಿಗೆ ನಲವತ್ತು ಹೆಜ್ಜೆ

ನಮ್ಮದು ಐದು ತಲೆಮಾರುಗಳಿಂದ ಇಗರ್ಜಿಗೆ ನಿಷ್ಠೆಯಿಂದ ನಡೆದುಕೊಂಡು ಬಂದ ಮನೆತನ. ಮುತ್ತಜ್ಜ ನಮ್ಮ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ಕೇರಿಯ, ಗುರಿಕಾರರಾಗಿದ್ದರು. ಕೇರಿಯ ಕ್ರೈಸ್ತ ಕುಟುಂಬಗಳಿಗೆಲ್ಲ ಅವರ ಮಾತೇ ಕೊನೆಯದು. ಅವರ ಬಳಿಕ ಅಜ್ಜ, ಅಜ್ಜನ ಬಳಿಕ ನನ್ನ ತಂದೆ ಆ ಜವಾಬ್ದಾರಿಯನ್ನು ಹೊತ್ತರು. ಇಬ್ಬರು ಸೋದರತ್ತೆಯರು ಕಾನ್ವೆಂಟಿಗೆ ಸೇರಿ ಸಿಸ್ಟರುಗಳಾದರು. ಸಂಜೆಯ ಜಪಮಾಲೆ ತಪ್ಪಿದ ದಿನ ನಮ್ಮ ಮನೆಯಲ್ಲಿಲ್ಲ. ಸಂತರ ಕಥೆಯನ್ನು ತಪ್ಪಾಗಿ ಹೇಳಿದವರನ್ನು ತಿದ್ದದೆ ಬಿಟ್ಟದ್ದೂ ಇಲ್ಲ.

ಈ ಪ್ರಸಂಗವನ್ನು ನನಗೆ ಹೇಳಿದವರು ಹಿರಿಯ ಸೋದರತ್ತೆ ಸಿಸ್ಟರ್ ಬೆನಡಿಕ್ಟಾ. ಕೆಲವರು ಇದಕ್ಕೊಂದು ಪವಾಡವನ್ನು ಅಂಟಿಸಿ, ಮಾತೆ ಕಿರಿಲ್ಲಾ ಅವರು ಸತ್ತವಳನ್ನು ಎಬ್ಬಿಸಿದರು ಎಂದು ಹೇಳುವುದನ್ನು ಕೇಳಿದ್ದೇನೆ. ಅಂಥದ್ದೇನೂ ನಡೆಯಲಿಲ್ಲ. ನಡೆದಿದ್ದರೆ ಇದನ್ನು ಬರೆಯುವಾಗ ನನ್ನ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲ.

ಸಾವಿರದ ಆರುನೂರು ವರ್ಷಗಳ ಹಿಂದೆ ಪೂಜ್ಯ ಮಾತೆ ಕಿರಿಲ್ಲಾ ಅವರು ಏಷ್ಯಾ ಮೈನರಿನ ಒಂದು ಗುಡ್ಡದ ಮೇಲೆ, ದ್ರಾಕ್ಷಿತೋಟದ ಕಾವಲಿಗೆಂದು ಯಾರೋ ಕಟ್ಟಿ ಬಿಟ್ಟುಹೋಗಿದ್ದ ಗುಡಿಸಲಿನಲ್ಲಿ ವಾಸವಾಗಿದ್ದರು. ಹಾಸಿಗೆಗೆ ಒಂದು ಚಾಪೆ, ನೀರಿಗೆ ಒಂದು ಮಡಕೆ. ಕುರುಬರು ತಂದುಕೊಡುವ ಆಡಿನ ಕೂದಲನ್ನು ಹಿಂಜಿ, ನೂಲು ತೆಗೆದು, ಅದರಿಂದ ಬಂದದ್ದರಲ್ಲಿ ರೊಟ್ಟಿ ತಿನ್ನುತ್ತಿದ್ದರು. ಓದು ಬಲ್ಲವರಾಗಿದ್ದರು, ಆದರೆ ಓದಿದ್ದನ್ನು ಹೇಳಿ ಮೆರೆಯುವ ಅಭ್ಯಾಸ ಅವರಿಗಿರಲಿಲ್ಲ.

ಆ ಕಾಲದಲ್ಲಿ ಧರ್ಮಸಭೆ ಒಂದು ದೊಡ್ಡ ಪ್ರಶ್ನೆಯಿಂದ ಒಡೆದುಹೋಗಿತ್ತು. ಸುತನು ಪಿತನಿಗೆ ಸರಿಸಮಾನ ದೇವರೇ, ಅಥವಾ ಪಿತನು ಸೃಷ್ಟಿಸಿದವರಲ್ಲಿ ಮೊದಲಿಗನೇ? ಮಹಾಸಭೆ ಸೇರಿ, ಸರಿಸಮಾನನೆಂದು ತೀರ್ಮಾನವಾಗಿ, ವಿಶ್ವಾಸಪ್ರಮಾಣವನ್ನು ಬರೆದು ಸಾರಿದ ಮೇಲೂ ಜಗಳ ನಿಲ್ಲಲಿಲ್ಲ. ಮದುವೆಯ ಮನೆಗಳಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಪ್ರಾಂತ್ಯ ಪ್ರಾಂತ್ಯಗಳಲ್ಲಿ ಧರ್ಮಾಧ್ಯಕ್ಷರು ಸಭೆ ಸೇರಿ, ತಪ್ಪು ಬೋಧಿಸಿದವರೆಂದು ಕಂಡವರನ್ನು ಬಹಿಷ್ಕರಿಸುತ್ತಿದ್ದರು. ಬಹಿಷ್ಕೃತರ ಹೆಸರನ್ನು ಇಗರ್ಜಿಯ ಜೋಡಿಹಲಗೆಯಿಂದ ಕೆರೆದು ತೆಗೆಯುತ್ತಿದ್ದರು. ಬಲಿಪೂಜೆಯ ನಡುವೆ ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರುಗಳೆಲ್ಲ ಆ ಹಲಗೆಯ ಮೇಲಿರುತ್ತಿದ್ದವು. ಅಲ್ಲಿ ಹೆಸರಿಲ್ಲದವನು ಸತ್ತ ಮೇಲೂ ಹೊರಗಿನವನೇ.

ಒಂದು ಚಳಿಗಾಲದ ಕೊನೆಯಲ್ಲಿ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಆರಂಭವಾಗುವ ಮುನ್ನ, ಬಯಲುಸೀಮೆಯ ಪಟ್ಟಣದ ಧರ್ಮಾಧ್ಯಕ್ಷರಾದ ಎಲ್ಪಿದಿಯರು ಎರಡು ದಿನ ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಿ ಮಾತೆಯವರಲ್ಲಿಗೆ ಬಂದರು. ಪರಿವಾರವನ್ನು ಕರೆತಂದಿರಲಿಲ್ಲ. ಬಲಿಪೂಜೆಯಲ್ಲಿ ರೊಟ್ಟಿಯನ್ನು ಎತ್ತಿಹಿಡಿಯುವಾಗ ಅವರ ಕೈ ನಡುಗಲು ತೊಡಗಿ ಒಂದು ವರ್ಷವಾಗಿತ್ತು. ವೈದ್ಯರು ಕೈಯಲ್ಲಿ ದೋಷವಿಲ್ಲ ಎಂದಿದ್ದರು.

ಮಾತೆಯವರು ಅವರಿಗೆ ಕುಳಿತುಕೊಳ್ಳಲು ಚಾಪೆ ಕೊಟ್ಟು, ಮಡಿಲಿಗೆ ಒಂದು ಹಿಡಿ ಕೂದಲನ್ನೂ ಹಾಕಿದರು.

"ಮಾತಾಡುತ್ತಾ ಹಿಂಜಿ, ಸ್ವಾಮಿ. ಕೈಗೆ ಕೆಲಸವಿದ್ದರೆ ಬಾಯಿ ಹೆಚ್ಚು ಸುತ್ತಿ ಬಳಸುವುದಿಲ್ಲ."

ಎಲ್ಪಿದಿಯರು ಆದರೂ ಸುತ್ತಿ ಬಳಸಿಯೇ ಆರಂಭಿಸಿದರು. ಒಬ್ಬ ಲಿಪಿಕಾರನ ಕಥೆಯೆಂದು ಹೇಳಿದರು. ಅವನಿಗೆ ಅಕ್ಷರ ಕಲಿಸಿದವರು ಥೆಯೋದುಲರೆಂಬ ವೃದ್ಧ ಧರ್ಮಾಧ್ಯಕ್ಷರು. ತಾಯಿಯಿಲ್ಲದ ಅವನಿಗೆ ಅನ್ನ ಹಾಕಿ ಬೆಳೆಸಿದವರು ಅವರ ತಂಗಿ ಬಸಿಲ್ಲಾ. ಥೆಯೋದುಲರ ಮೇಲೆ ಆಗದವರು ದೂರು ಕೊಟ್ಟರು. ಪ್ರಾಂತ್ಯದ ಸಭೆ ಸೇರಿತು. ಅವರ ಪ್ರಬೋಧನೆಯ ಹೊತ್ತಗೆಯನ್ನು ಸಭೆಯೆದುರು ಓದುವ ಕೆಲಸ ಈ ಲಿಪಿಕಾರನಿಗೆ ಬಂತು. ಥೆಯೋದುಲರ ಬೋಧನಾಕ್ರಮ ಅವನಿಗೆ ಚೆನ್ನಾಗಿ ತಿಳಿದಿತ್ತು. ಮೊದಲು ಎದುರಾಳಿಗಳ ಮಾತನ್ನು ಅವರದೇ ಬಾಯಿಂದ ಬಂದಂತೆ ಪೂರ್ತಿ ಹೇಳಿ, ಆಮೇಲೆ ಒಂದೊಂದಾಗಿ ಅದನ್ನು ಖಂಡಿಸುವುದು. ಎದುರಾಳಿಯ ಮಾತು ಬಲಪುಟದಲ್ಲಿತ್ತು. ಉತ್ತರ ಮಗುಚಿದರೆ ಸಿಗುವ ಪುಟದಲ್ಲಿತ್ತು.

"ಅವನು ಬಲಪುಟವನ್ನು ಓದಿದ," ಎಂದರು ಎಲ್ಪಿದಿಯರು. "ಸುತನು ಇಲ್ಲದಿದ್ದ ಕಾಲವೊಂದಿತ್ತು ಎಂಬಲ್ಲಿಗೆ ಬಂದ. ನಿಲ್ಲಿಸಿದ."

ಸಭೆಯಲ್ಲಿ ಕೂಗಾಟವೆದ್ದಿತು. ಥೆಯೋದುಲರಿಗೆ ಹಲ್ಲು ಉದುರಿ ಸ್ವರ ಬಿದ್ದುಹೋಗಿತ್ತು. ಪುಟ ತಿರುವು ಎಂದು ಅವರು ಹೇಳುತ್ತಿದ್ದುದು ಹತ್ತಿರದಲ್ಲಿದ್ದ ಲಿಪಿಕಾರನಿಗೆ ಮಾತ್ರ ಕೇಳಿಸಿತು. ಅವನು ಹೊತ್ತಗೆಯನ್ನು ಮುಚ್ಚಿದ. ಥೆಯೋದುಲರನ್ನು ಉಪ್ಪುಸರೋವರದ ದಂಡೆಯ ಊರಿಗೆ ಗಡಿಪಾರು ಮಾಡಿದರು. ಎರಡನೆಯ ಚಳಿಗಾಲದಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಖಾಲಿಯಾದ ಪೀಠಕ್ಕೆ ಮುಂದೆ ಬಂದವನು ಯಾರೆಂದು ಎಲ್ಪಿದಿಯರು ಹೇಳಲಿಲ್ಲ. ಮಾತೆಯವರು ಕೇಳಲೂ ಇಲ್ಲ.

ಬಸಿಲ್ಲಾ ಅವರ ಸಂಗತಿಯನ್ನು ಮಾತ್ರ ಕೇಳಿದರು.

ಅಣ್ಣನ ಹೆಸರೆತ್ತಿ ಶಾಪವಾಕ್ಯ ನುಡಿಯಬೇಕೆಂದು ಬಸಿಲ್ಲಾ ಅವರಿಗೆ ಆಜ್ಞೆಯಾಗಿತ್ತು. ಅವರು ಒಪ್ಪಲಿಲ್ಲ. ಆದ್ದರಿಂದ ಪ್ರಸಾದವನ್ನು ನಿಷೇಧಿಸಿ, ಅವರನ್ನು ಅಳುವವರ ಸಾಲಿಗೆ ಕಳುಹಿಸಿದರು. ಘೋರ ಪಾಪ ಮಾಡಿದವರು ಇಗರ್ಜಿಯ ಹೊರಬಾಗಿಲಲ್ಲಿ ನಿಂತು, ಒಳಹೋಗುವವರ ಪ್ರಾರ್ಥನೆಯನ್ನು ಬೇಡುವ ಪದ್ಧತಿ ಆಗ ಇತ್ತು. ಹನ್ನೊಂದು ಈಸ್ಟರ್ ಹಬ್ಬಗಳನ್ನು ಅವರು ಅಲ್ಲಿಯೇ, ಕೊಲೆಗಾರರ ಮತ್ತು ವ್ಯಭಿಚಾರಿಗಳ ನಡುವೆ ಕಳೆದಿದ್ದರು. ಆದರೆ ಅವರು ಅಳುತ್ತಿರಲಿಲ್ಲ. ಎಲ್ಪಿದಿಯರು ಪ್ರತಿ ಭಾನುವಾರ ಒಳಗೆ ಹೋಗುವಾಗ ಬಸಿಲ್ಲಾ ಅವರಿಗೆ ತಲೆಬಾಗಿ ನಮಸ್ಕರಿಸಿ, ಒಂದೇ ಮಾತು ಕೇಳುತ್ತಿದ್ದರು. "ಸ್ವಾಮಿಗಳು ಮುಂದಿನ ಪುಟ ಓದಿದಿರಾ?" ಪಕ್ಕದಲ್ಲಿ ನಿಂತ ಪಾಪಿಗಳು ಅರ್ಥವಾಗದಿದ್ದರೂ ನಗುತ್ತಿದ್ದರು. ಅವರಲ್ಲೊಬ್ಬಳು, ನಮ್ಮ ಬಸಿಲ್ಲಕ್ಕನಿಗೆ ಅಕ್ಷರದ ಹುಚ್ಚು, ಸ್ವಾಮಿಗಳೇ, ಒಂದು ಪುಸ್ತಕ ಕೊಟ್ಟುಬಿಡಿ, ಸುಮ್ಮನಾಗುತ್ತಾಳೆ ಎಂದು ಹಾಸ್ಯ ಮಾಡಿದ್ದಳಂತೆ.

ಇಷ್ಟನ್ನು ಹೇಳಿ ಎಲ್ಪಿದಿಯರು ಕಠಿಣವಾದ ಪ್ರಾಯಶ್ಚಿತ್ತ ಬೇಕೆಂದು ಬೇಡಿದರು. ರೊಟ್ಟಿ ನೀರಿನಲ್ಲೇ ವರ್ಷ ಕಳೆಯಲು, ಬರಿಗಾಲಲ್ಲಿ ಜೆರೂಸಲೇಮಿಗೆ ಹೋಗಲು ತಾವು ಸಿದ್ಧ ಎಂದರು.

ಮಾತೆಯವರು ಕೂದಲಿನಿಂದ ಒಂದು ಮುಳ್ಳನ್ನು ತೆಗೆದು ಪಕ್ಕಕ್ಕಿಟ್ಟರು.

"ನಿಮ್ಮ ಪೀಠದಿಂದ ಇಗರ್ಜಿಯ ಬಾಗಿಲಿಗೆ ಎಷ್ಟು ದೂರ, ಸ್ವಾಮಿ?"

"ನಲವತ್ತು ಹೆಜ್ಜೆ ಇರಬಹುದು, ತಾಯೀ."

"ಇಲ್ಲಿಗೆ ಎರಡು ದಿನದ ದಾರಿ. ಇಷ್ಟು ದೂರ ಯಾಕೆ ಬಂದಿರಿ? ಹೋಗಿ ಆಕೆಯ ಕ್ಷಮೆ ಕೇಳಿ. ಎಲ್ಲರೆದುರು ಕೇಳಿ."

ಎಲ್ಪಿದಿಯರು ಮಡಿಲಿನ ಕೂದಲನ್ನು ಕೆಳಗಿಟ್ಟರು. ಆಮೇಲೆ ವಾದಕ್ಕಿಳಿದರು. ಪೀಠ ಹೋದರೆ ಹೋಗಲಿ, ತಮಗದರ ಚಿಂತೆಯಿಲ್ಲ. ಆದರೆ ಒಂದು ಸಭೆ ಮೋಸಹೋಯಿತೆಂದು ಗೊತ್ತಾದರೆ ಎಲ್ಲ ಸಭೆಗಳನ್ನೂ ಜನ ಅನುಮಾನಿಸುತ್ತಾರೆ, ವಿಶ್ವಾಸಪ್ರಮಾಣವನ್ನೇ ಅನುಮಾನಿಸುತ್ತಾರೆ. ಪಾಷಂಡಿಗಳು ಬೀದಿಯಲ್ಲಿ ನಿಂತು ನಗುತ್ತಾರೆ. ಒಬ್ಬ ಮುದುಕಿಯ ಮಾನಕ್ಕಾಗಿ ಸುತನ ದೈವತ್ವವನ್ನೇ ಪಣಕ್ಕಿಡಬೇಕೇ? ಮಾತು ಮುಂದುವರಿದಂತೆ ಸ್ವರ ಏರಿತು. ಕೂದಲು ಹಿಂಜುವವರಿಗೆ ದೇವಶಾಸ್ತ್ರ ತಿಳಿಯುವುದಿಲ್ಲ ಎಂದೂ ಹೇಳಿಬಿಟ್ಟರು.

"ತಿಳಿಯುವುದಿಲ್ಲ," ಎಂದು ಮಾತೆಯವರು ಒಪ್ಪಿಕೊಂಡರು. "ಇಷ್ಟು ಬಲ್ಲೆ. ದೇವಸುತನು ದೇವರಾಗಿರಲು ನಿಮ್ಮ ಸುಳ್ಳು ಬೇಕಾಗಿಲ್ಲ."

ಎಲ್ಪಿದಿಯರು ಆಶೀರ್ವಾದವನ್ನೂ ಕೇಳದೆ ಗುಡ್ಡ ಇಳಿದರು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ; ಆದರೆ ಬಿಟ್ಟರೆ ಅದು ಅಪ್ರಾಮಾಣಿಕತೆ. ಪಟ್ಟಣಕ್ಕೆ ಮರಳುವಷ್ಟರಲ್ಲಿ ಮಾತೆಯವರ ಮಾತು ಅವರ ಮನಸ್ಸನ್ನು ಹೊಕ್ಕಿತ್ತು. ಅದು ದೇವರ ಕೃಪೆಯೇ. ಕ್ಷಮೆ ಕೇಳಲು ನಿರ್ಧರಿಸಿದರು. ಆದರೆ ಮೊದಲ ಭಾನುವಾರವೇ ಕೇಳಲಿಲ್ಲ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದಂದು ಅಳುವವರನ್ನು ಒಳಕ್ಕೆ ಕರೆದುಕೊಳ್ಳುವ ವಿಧಿಯಿರುತ್ತದೆ, ಅಂದೇ ಕೇಳಿದರೆ ಉಚಿತವಾಗಿರುತ್ತದೆ, ಕ್ರಮಬದ್ಧವಾಗಿರುತ್ತದೆ ಎಂದುಕೊಂಡರು. ಕ್ರಮವನ್ನು ನಾನೂ ಗೌರವಿಸುವವಳು. ಆದರೂ ಹೇಳುತ್ತೇನೆ, ಅದು ಕ್ರಮವಲ್ಲ, ಅಂಜಿಕೆ. ಆರು ಭಾನುವಾರಗಳು ಅವರು ಆ ಬಾಗಿಲನ್ನು ದಾಟಿ ಒಳಗೆ ಹೋದರು. ಆರು ಬಾರಿಯೂ ಬಸಿಲ್ಲಾ ಕೇಳಿದರು. ಕೊನೆಯ ಬಾರಿ, ಅಂದರೆ ಗರಿಗಳ ಭಾನುವಾರದಂದು, ಕೆಮ್ಮಿನಿಂದ ಅವರ ಮಾತು ಪೂರ್ತಿಯಾಗಲಿಲ್ಲ. ಎಲ್ಪಿದಿಯರು ನಿಂತರು. ಅವರನ್ನು ನೋಡಿದರು. "ಗುರುವಾರ, ಅಕ್ಕಾ," ಎಂದರು. ಬಾಲ್ಯದಲ್ಲಿ ಕರೆಯುತ್ತಿದ್ದಂತೆ ಅಕ್ಕಾ ಎಂದು ಕರೆದದ್ದು ಹನ್ನೊಂದು ವರ್ಷಗಳಲ್ಲಿ ಅದೇ ಮೊದಲು.

ಮಂಗಳವಾರ ಬಸಿಲ್ಲಾ ತೀರಿಕೊಂಡರು. ಬಹಿಷ್ಕಾರದಲ್ಲಿದ್ದವರಿಗೆ ಕ್ರೈಸ್ತರ ಸಮಾಧಿಭೂಮಿಯಲ್ಲಿ ಜಾಗವಿರಲಿಲ್ಲ. ಧರ್ಮಾಧ್ಯಕ್ಷರಿಗೆ ತಿಳಿಸುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಬಾಗಿಲಲ್ಲಿ ಜೊತೆಗೆ ನಿಲ್ಲುತ್ತಿದ್ದ ಪಾಪಿಗಳೇ ಅವರನ್ನು ಒಯ್ದು ಸುಣ್ಣದ ಗಣಿಯ ಪಕ್ಕದಲ್ಲಿ ಹೂಳಿದರು.

ಗುರುವಾರ ಎಲ್ಪಿದಿಯರು ಪೀಠದಿಂದ ಎದ್ದು, ಹಳೆಯ ಹೊತ್ತಗೆಯನ್ನು ಕೈಯಲ್ಲಿ ಹಿಡಿದು, ನೆರೆದ ಜನರ ನಡುವೆ ಬಾಗಿಲಿಗೆ ನಡೆದು ಬಂದರು. ಆ ಸ್ಥಳ ಖಾಲಿಯಿತ್ತು. ಬಸಿಲ್ಲಕ್ಕ ಎಲ್ಲಿ ಎಂದು ಕೇಳಿದಾಗ, ಹಿಂದೆ ಹಾಸ್ಯ ಮಾಡುತ್ತಿದ್ದ ಹೆಂಗಸೇ ಉತ್ತರ ಕೊಟ್ಟಳು.

"ತಡಮಾಡಿದಿರಿ, ಸ್ವಾಮಿ. ಮೊನ್ನೆಯೇ ಮಣ್ಣು ಮಾಡಿದೆವು."

ಎಲ್ಪಿದಿಯರು ಹೊಸ್ತಿಲ ಮೇಲೆ ನಿಂತೇ ಬಲಪುಟವನ್ನು ಓದಿದರು. ಪುಟ ತಿರುವಿದರು. ಉತ್ತರವನ್ನು ಕೊನೆಯ ಅಕ್ಷರದವರೆಗೆ ಓದಿದರು. ಸುತನು ಇಲ್ಲದ ಕ್ಷಣವೊಂದಿತ್ತೆಂದರೆ ಪಿತನು ಪಿತನಾಗಿರದ ಕ್ಷಣವೂ ಇದ್ದಂತಾಯಿತು, ಹಾಗೆನ್ನಲು ಯಾವ ನಾಲಗೆ ಹೊರಳೀತು ಎಂದು ಥೆಯೋದುಲರು ಬರೆದಿದ್ದರು. ಮಹಾಸಭೆಯ ಬೋಧನೆಗೆ ಒಂದು ಕೂದಲೆಳೆಯಷ್ಟೂ ವಿರುದ್ಧವಾದದ್ದು ಅದರಲ್ಲಿರಲಿಲ್ಲ. ಆ ದಿನ ಪುಟ ಮುಚ್ಚಿದವನು ನಾನೇ ಎಂದು ಹೇಳಿ, ಹೆಗಲ ಮೇಲಿನ ಧರ್ಮಾಧ್ಯಕ್ಷರ ವಸ್ತ್ರವನ್ನು ತೆಗೆದು ಮಡಚಿ ಪಕ್ಕದಲ್ಲಿದ್ದ ಪಾದ್ರಿಯ ಕೈಗೆ ಕೊಟ್ಟರು. ಬಳಿಕ ಅಳುವವರ ಸಾಲಿನಲ್ಲಿ, ಬಸಿಲ್ಲಾ ನಿಲ್ಲುತ್ತಿದ್ದ ಕಲ್ಲಿನ ಮೇಲೆ ನಿಂತರು.

ಸುದ್ದಿ ಗುಡ್ಡಕ್ಕೆ ಮುಟ್ಟಿದಾಗ ಮಾತೆ ಕಿರಿಲ್ಲಾ ಅವರು ಕೆಲಸ ಬಿಟ್ಟು ದಿನವಿಡೀ ಅತ್ತರು. ಈಸ್ಟರ್ ಮುಗಿದ ಮೇಲೆ ತಾವೇ ಎರಡು ದಿನ ನಡೆದು ಪಟ್ಟಣಕ್ಕೆ ಬಂದರು. ಎಲ್ಪಿದಿಯರ ಪಕ್ಕದಲ್ಲಿ, ಅದೇ ಬಾಗಿಲಲ್ಲಿ, ಒಂದು ಬಲಿಪೂಜೆ ಮುಗಿಯುವವರೆಗೆ ನಿಂತಿದ್ದರು. ಆಕೆಗೆ ಕೇಳಿಸದ ಕ್ಷಮೆ ಕ್ಷಮೆಯೇ ಎಂದು ಎಲ್ಪಿದಿಯರು ಕೇಳಿದಾಗ, ಮಾತೆಯವರು ಸಮಾಧಾನದ ಮಾತು ಹೇಳಲಿಲ್ಲ.

"ಆಕೆಯನ್ನು ಹೊರಗೆ ನಿಲ್ಲಿಸಿದವರು ನೀವೊಬ್ಬರೇ ಅಲ್ಲ," ಎಂದಷ್ಟೇ ಹೇಳಿ ಹೊರಟುಹೋದರು.

ಆ ದಿನದಿಂದ ಎಲ್ಪಿದಿಯರು ಬೇರೆಯೇ ಮನುಷ್ಯರಾದರು. ಸುಣ್ಣದ ಗಣಿಯ ಬಳಿ ಗುಡಿಸಲು ಕಟ್ಟಿ, ಕೂದಲು ಹಿಂಜಿ ಬದುಕಿದರು. ಸಭೆಗಳಲ್ಲಿ ಅಳೆದು ತೂಗಿ ಮಾತಾಡುತ್ತಿದ್ದವರು ಕೇಳಿದ್ದಕ್ಕೆ ಹೌದು, ಅಲ್ಲ ಎಂದಷ್ಟೇ ನೇರವಾಗಿ ಉತ್ತರಿಸುತ್ತಿದ್ದರು. ಅವರ ಕೈ ಮತ್ತೆ ನಡುಗಲಿಲ್ಲವಂತೆ. ರೊಟ್ಟಿಯನ್ನು ಎತ್ತುವ ಅಧಿಕಾರ ಮಾತ್ರ ಆ ಕೈಗೆ ಉಳಿದಿರಲಿಲ್ಲ.

ಮರುವರ್ಷ ಪ್ರಾಂತ್ಯದ ಧರ್ಮಾಧ್ಯಕ್ಷರು ಸೇರಿ ಅವರಿಗೊಂದು ಪತ್ರ ಕಳುಹಿಸಿದರು. ಥೆಯೋದುಲರ ಹೆಸರನ್ನು ಸದ್ದಿಲ್ಲದೆ ಹಲಗೆಗೆ ಮರಳಿ ಸೇರಿಸಲಾಗುವುದು, ಹಳೆಯ ತೀರ್ಪಿನ ವಿಷಯವನ್ನು ಯಾರೂ ಎತ್ತಬಾರದು, ಎಲ್ಪಿದಿಯರು ಇದಕ್ಕೆ ಒಪ್ಪಿದರೆ ಅವರನ್ನೂ ಕ್ಷಮಿಸಿ ಒಳಕ್ಕೆ ಕರೆದುಕೊಳ್ಳಲಾಗುವುದು ಎಂದು ಅದರಲ್ಲಿತ್ತು. ಎಲ್ಪಿದಿಯರು ಅದೇ ಪತ್ರದ ಹಿಂಬದಿಯಲ್ಲಿ ಉತ್ತರ ಬರೆದು ಕಳುಹಿಸಿದರು.

"ಥೆಯೋದುಲರು ತಪ್ಪು ಮಾಡಿರಲಿಲ್ಲ. ಅವರ ತಂಗಿಯೂ ಮಾಡಿರಲಿಲ್ಲ. ನಾನು ಅರ್ಧ ಓದಿದೆ. ಉಳಿದರ್ಧವನ್ನು ಕೇಳದೆ ನೀವು ಕೂಗಿದಿರಿ. ಅಂದು ಕೂಗಿದವರಲ್ಲಿ ಹದಿಮೂರು ಮಂದಿ ಇನ್ನೂ ಬದುಕಿದ್ದೀರಿ. ನನ್ನನ್ನು ಒಳಕ್ಕೆ ಕರೆಯುವುದು ಬೇಡ. ನೀವು ಹದಿಮೂರು ಮಂದಿಯೂ ಈ ಗಣಿಯ ಬಳಿಗೆ ಬಂದು, ಬಸಿಲ್ಲಾ ಅವರ ಸಮಾಧಿಯ ಮುಂದೆ, ಜನರೆದುರು ಕ್ಷಮೆ ಕೇಳಬೇಕು."