ಶಿಸ್ತಿನ ನೀರುಗಂಟಿ

ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕೆಲಸ ಆಮೆಯದಾಗಿತ್ತು. ಆರಿದ್ರಾ ಮಳೆ ಹುಟ್ಟುವ ದಿನವೇ ತೂಬು ಎತ್ತುವುದು ಅಜ್ಜನ ಕಾಲದಿಂದ ಅದರ ಮನೆತನದ ಪದ್ಧತಿ. ಆ ವರ್ಷ ಅದಕ್ಕೂ ಮೊದಲೇ ರೋಹಿಣಿ ಮಳೆ ಹುಚ್ಚು ಹಿಡಿದಂತೆ ಸುರಿದು ಕೆರೆ ತುಂಬಿಬಿಟ್ಟಿತು. ಏರಿಯ ಬಿಲದಲ್ಲಿದ್ದ ಏಡಿ ಓಡಿಬಂದಿತು.

“ಆಮೆಯಣ್ಣಾ, ಏರಿ ಜಿನುಗುತ್ತಿದೆ. ಈಗಲೇ ತೂಬು ಎತ್ತು!”

“ಆರಿದ್ರೆಗೆ ಇನ್ನೂ ಹದಿನೆಂಟು ದಿನವಿದೆ. ಹೊತ್ತುಗೊತ್ತಿಲ್ಲದೆ ಬಂದದ್ದು ಮಳೆಯ ತಪ್ಪು. ಅದಕ್ಕಾಗಿ ನಾನೇಕೆ ಪದ್ಧತಿ ಕೆಡಿಸಲಿ?” ಎಂದು ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಮರುದಿನ ಏರಿ ಒಡೆಯಿತು. ಸಸಿಮಡಿಗಳು ಕೊಚ್ಚಿಹೋದವು, ಕೆರೆ ಬರಿದಾಯಿತು.

ಆರಿದ್ರೆಯ ದಿನ ಆಮೆ ಕೆಸರು ದಾಟಿ ಬಂದು, ತೂಬಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಂಭೀರವಾಗಿ ಅದನ್ನು ಎತ್ತಿತು. ಒಂದು ತೊಟ್ಟೂ ಹರಿಯಲಿಲ್ಲ.

“ನೀರೆಲ್ಲಿ?” ಎಂದಿತು ಏಡಿ.

“ತೂಬು ಎತ್ತುವುದು ನನ್ನ ಕೆಲಸ, ಎತ್ತಿದ್ದೇನೆ. ಕೆರೆಯಲ್ಲಿ ಇರಬೇಕಾದದ್ದು ನೀರಿನ ಕೆಲಸ.”

ಕೆಸರುಗುಂಡಿಗಳಲ್ಲಿ ಸಿಕ್ಕಿಕೊಂಡು ಉಳಿದಿದ್ದ ಮೀನುಗಳನ್ನು ಹೆಕ್ಕುತ್ತಿದ್ದ ಕೊಕ್ಕರೆ ತಲೆ ಎತ್ತಿ, “ಇಂಥ ಶಿಸ್ತಿನವರು ಪ್ರತಿ ಕೆರೆಗೂ ಸಿಗಲಿ” ಎಂದು ಮನಸಾರೆ ಹರಸಿತು.